ಸಸಿಗಿಂತ ಮೊದಲು ಮಣ್ಣು

ಓದುಗರೊಬ್ಬರು ಬರೆದಿದ್ದಾರೆ: ‘ಮಳೆ ಕಡಿಮೆ ಬೀಳುವ ನಮ್ಮ ಕಡೆ ಒಂದು ಗಣಿ ಮುಚ್ಚಿದೆ. ಪ್ರತಿ ಮಳೆಗಾಲ ಸಸಿ ನೆಡುತ್ತಾರೆ, ಬೇಸಿಗೆಗೆ ಒಣಗುತ್ತವೆ. ಬೇಗ ಬೆಳೆಯುವ ಮರ ಹಾಕಿ ಎರಡು ವರ್ಷ ನೀರು ಬಿಟ್ಟರೆ ಸಾಕಲ್ವಾ?’

ಸಂಪಾದಕರ ಉತ್ತರ: ಸಾಕಾಗುವುದಿಲ್ಲ. ಸಸಿ ಸಾಯುವುದು ಬಿಸಿಲಿಗೆ ಅಂತ ನಮಗೆ ಅನಿಸುತ್ತದೆ. ಬಹಳಷ್ಟು ಸಲ ತೊಂದರೆ ಇರುವುದು ಬೇರಿನ ಕೆಳಗೆ.

ಗಣಿ ಮುಚ್ಚಿದ ಮೇಲೆ ಉಳಿಯುವುದು ಮಣ್ಣಲ್ಲ, ಪುಡಿಯಾದ ಕಲ್ಲು. ಕೆಲವು ಕಡೆ ಉಪ್ಪು ಜಾಸ್ತಿ. ಕಲ್ಲಿನಲ್ಲಿ ಪೈರೈಟ್ ಎಂಬ ಕಬ್ಬಿಣ-ಗಂಧಕದ ಖನಿಜ ಇದ್ದರೆ ಗಾಳಿ, ನೀರು ಸೋಕಿ ಗಂಧಕಾಮ್ಲ ಹುಟ್ಟುತ್ತದೆ. ಅಲ್ಲಿ ಯಾವ ಗಟ್ಟಿ ಮರವೂ ಏಳುವುದು ಕಷ್ಟ. ಜೊತೆಗೆ ಭಾರಿ ಲಾರಿಗಳು ವರ್ಷಗಟ್ಟಲೆ ಓಡಾಡಿ ನೆಲ ಗಟ್ಟಿಯಾಗಿರುತ್ತದೆ. ಬೇರು ಇಳಿಯುವುದಿಲ್ಲ, ಬಿದ್ದ ಮಳೆಯೂ ಹರಿದು ಹೋಗುತ್ತದೆ. ಅದಕ್ಕೇ ಬುಲ್ಡೋಜರ್ ಹಿಂದೆ ಕಟ್ಟಿದ ದೊಡ್ಡ ಹಲ್ಲುಗಳಿಂದ ನೆಲವನ್ನು ಆಳಕ್ಕೆ ಸೀಳಬೇಕು, ಇಳಿಜಾರಿಗೆ ಅಡ್ಡಲಾಗಿ. ಸೀಳಿದ್ದನ್ನು ಮತ್ತೆ ನೀಟಾಗಿ ಸಮ ಮಾಡುವವರಿದ್ದಾರೆ, ದಯವಿಟ್ಟು ಬೇಡ. ಏರುತಗ್ಗು ಇರಲಿ, ಕಲ್ಲು, ಒಣ ಕೊಂಬೆ ಅಲ್ಲೇ ಬಿದ್ದಿರಲಿ. ನೀರು, ಬೀಜ, ಧೂಳು ನಿಲ್ಲುವುದೇ ಅಂಥ ಕಡೆ.

ಇನ್ನು ಮೇಲ್ಮಣ್ಣು. ಒಣ ನಾಡಿನಲ್ಲಿ ಬದುಕಿರುವ ಬೀಜ ಹೆಚ್ಚಾಗಿ ಇರುವುದು ಮೇಲಿನ ಕೆಲವೇ ಸೆಂಟಿಮೀಟರ್‌ನಲ್ಲಿ. ಬೇರಿಗೆ ನೆರವಾಗುವ ಶಿಲೀಂಧ್ರಗಳೂ ಅಲ್ಲೇ. ಗಣಿ ತೋಡುವಾಗ ಈ ಪದರವನ್ನು ಬೇರೆಯಾಗಿ ತೆಗೆದು, ಕೆಲಸ ಮುಗಿದ ಇನ್ನೊಂದು ಜಾಗಕ್ಕೆ ಕೂಡಲೇ ಹರಡಿದರೆ ಅರ್ಧ ಕೆಲಸ ಆದಂತೆ. ಆಗುವುದು ಏನು? ಕೆಳಗಿನ ಮಣ್ಣಿನ ಜೊತೆ ಬೆರೆಸಿ ಗುಡ್ಡದ ಹಾಗೆ ಒಟ್ಟುತ್ತಾರೆ, ವರ್ಷಗಟ್ಟಲೆ ಬಿಡುತ್ತಾರೆ. ಒಳಗೆ ಗಾಳಿಯಾಡದೆ ಬೀಜ ಸಾಯುತ್ತದೆ. ಕಾಯ್ದಿಡಲೇಬೇಕಾದರೆ ರಾಶಿಯ ಎತ್ತರ ಎರಡು ಮೀಟರ್ ದಾಟಬಾರದು. ಹರಡುವಾಗ ತೀರಾ ದಪ್ಪ ಹಾಕಿದರೂ ಸಣ್ಣ ಬೀಜದ ಮೊಳಕೆ ಮೇಲೆ ಬರುವುದಿಲ್ಲ.

ಬೇಗ ಬೆಳೆಯುವ ಮರದ ಬಗ್ಗೆ ನನಗೆ ಅನುಮಾನ ಜಾಸ್ತಿ. ಬಳ್ಳಾರಿ ಜಾಲಿಯಂಥದ್ದು ಬೇಗ ಹಸಿರು ತೋರಿಸುತ್ತದೆ, ನಿಜ. ಆಮೇಲೆ ಬೇರೆ ಯಾವುದಕ್ಕೂ ಜಾಗ ಬಿಡುವುದಿಲ್ಲ. ಮೊದಲು ಸುತ್ತಲಿನ ನೆಲದ ಹುಲ್ಲು, ಪೊದೆ ಬರಲಿ, ಆ ನೆರಳಲ್ಲಿ ಮರ ಏಳುತ್ತದೆ. ಎಷ್ಟೋ ಕಾಡು ಬೀಜ ಸುಮ್ನೆ ಎರಚಿದರೆ ಮೊಳೆಯುವುದಿಲ್ಲ. ಜಾಲಿ ಜಾತಿಯ ಗಟ್ಟಿ ಸಿಪ್ಪೆಯ ಬೀಜಕ್ಕೆ ಬಿಸಿನೀರು ಬೇಕು. ಇನ್ನು ಕೆಲವಕ್ಕೆ ಹೊಗೆ ಬೇಕು! ಹೊಗೆಯಲ್ಲಿ ಬೀಜವನ್ನು ಎಬ್ಬಿಸುವ ರಾಸಾಯನಿಕ ಯಾವುದೆಂದು ಪಶ್ಚಿಮ ಆಸ್ಟ್ರೇಲಿಯಾದ ವಿಜ್ಞಾನಿಗಳು 2004ರಲ್ಲಿ ಗುರುತಿಸಿದರು.

ದಿನಾ ಸ್ವಲ್ಪ ಸ್ವಲ್ಪ ನೀರು ಹಾಕಿದರೆ ಬೇರು ಮೇಲೆಯೇ ಉಳಿಯುತ್ತದೆ. ನೀರು ನಿಲ್ಲಿಸಿದ ಬೇಸಿಗೆಯಲ್ಲೇ ಗಿಡ ಹೋಗುತ್ತದೆ. ಕೊಡುವುದಾದರೆ ಅಪರೂಪಕ್ಕೆ ಕೊಡಿ, ಆಳಕ್ಕೆ ಇಳಿಯುವಷ್ಟು ಕೊಡಿ.

ನಿಮ್ಮಲ್ಲಿ ಮೇಲ್ಮಣ್ಣು ಉಳಿದಿಲ್ಲವೆಂದೇ ಇಟ್ಟುಕೊಳ್ಳೋಣ. ಈ ಸಲ ನೆಡುವುದನ್ನು ನಿಲ್ಲಿಸಿ, ನಾಲ್ಕಾರು ಕಡೆಯ ಮಣ್ಣಿನ ಹುಳಿ ಮತ್ತು ಉಪ್ಪಿನ ಅಂಶ ಪರೀಕ್ಷೆ ಮಾಡಿಸಿ. ಹುಳಿ ಇದ್ದರೆ ಸುಣ್ಣ ಬೇಕು. ಆಮೇಲೆ ಒಂದು ತುಂಡು ನೆಲವನ್ನು ಸೀಳಿ, ಗೊಬ್ಬರ ಬೆರೆಸಿ, ದನಕುರಿ ನುಗ್ಗದಂತೆ ಬೇಲಿ ಹಾಕಿ, ಮಳೆಗೆ ಮುಂಚೆ ಬಿತ್ತಿ. ಬೀಜವನ್ನೆಲ್ಲ ಒಂದೇ ವರ್ಷ ಖರ್ಚು ಮಾಡಬೇಡಿ, ಮಳೆ ಕೈಕೊಟ್ಟರೆ ಮುಂದಿನ ವರ್ಷಕ್ಕೆ ಬೇಕಾಗುತ್ತದೆ.