ತಪ್ಪು ತೋರಿಸಿದರೆ ಯಾಕಿಷ್ಟು ನೋವು?

ಪ್ರಶ್ನೆ: ನನ್ನ ಮಾತು ಒರಟು ಎಂದು ಚರ್ಚ್ ಸಭೆಯ ಹಿರಿಯರೊಬ್ಬರು ನನ್ನನ್ನು ತಿದ್ದಿದರು. ಅಂದಿನಿಂದ ಆರಾಧನೆಗೆ ಹೋಗಲು ಮನಸ್ಸೇ ಇಲ್ಲ. ದೇವರಿಗೆ ವಿಧೇಯಳಾಗಿದ್ದರೆ ಸಾಲದೇ, ಮನುಷ್ಯರ ಮಾತೂ ಕೇಳಬೇಕಾ?

ಉತ್ತರ: ನಿಮಗೆ ನೋವಾಗಿದೆ, ಅದು ಸಹಜ. ತಿದ್ದುವಿಕೆ ಆ ಹೊತ್ತಿಗೆ ದುಃಖವೇ ಎಂದು ಬೈಬಲಿನ ಇಬ್ರಿಯ 12:11 ಕೂಡ ಒಪ್ಪುತ್ತದೆ. ಆದರೆ ದೇವರು ಎಷ್ಟೋ ಸಲ ಮನುಷ್ಯರ ಬಾಯಿಂದಲೇ ನಮ್ಮನ್ನು ತಿದ್ದುತ್ತಾನೆ, ಅಲ್ವಾ? ಇಸ್ರಾಯೇಲಿನ ಮೊದಲ ಅರಸ ಸೌಲನನ್ನು ನೋಡಿ. ಎಲ್ಲವನ್ನೂ ನಾಶಮಾಡು ಎಂದು ದೇವರು ಹೇಳಿದ್ದರೂ ಶತ್ರುಗಳಾದ ಅಮಾಲೇಕ್ಯರ ಒಳ್ಳೆಯ ಕುರಿ-ದನಗಳನ್ನು ಯಾಕೆ ಉಳಿಸಿದೆ ಎಂದು ಪ್ರವಾದಿ ಸಮುವೇಲ ಕೇಳಿದಾಗ ಅವನು ತಪ್ಪನ್ನು ಜನರ ಮೇಲೆ ಹಾಕಿದ, ಯಜ್ಞಕ್ಕೆ ತಂದರು ಎಂದ, ಕೊನೆಗೆ ಪಾಪ ಮಾಡಿದೆ ಎಂದು ಒಪ್ಪಿದರೂ ಹಿರಿಯರ ಮುಂದೆ ನನ್ನ ಮಾನ ಉಳಿಸು ಎಂದೇ ಬೇಡಿದ. ಅವನ ನಂತರ ಅರಸನಾದ ದಾವೀದನ ತಪ್ಪೇನೂ ಸಣ್ಣದಲ್ಲ, ವ್ಯಭಿಚಾರವೂ ಇತ್ತು, ಕೊಲೆಯೂ ಇತ್ತು. ಆದರೆ ಪ್ರವಾದಿ ನಾತಾನ ತಪ್ಪು ಮಾಡಿದ ಒಬ್ಬನ ಕಥೆ ಹೇಳಿ ‘ಆ ಮನುಷ್ಯ ನೀನೇ’ ಎಂದಾಗ ದಾವೀದ ಒಂದು ನೆಪವನ್ನೂ ಹೇಳಲಿಲ್ಲ.

ಹಾಗಂತ ಯಾರು ಏನೇ ಹೇಳಿದರೂ ಸುಮ್ನೆ ತಲೆಯಾಡಿಸಬೇಡಿ. ಅದು ದೇವರ ವಾಕ್ಯಕ್ಕೆ ಒಪ್ಪುತ್ತದಾ, ಮತ್ತಾಯ 18:15 ಹೇಳುವಂತೆ ನೀವಿಬ್ಬರೇ ಇದ್ದಾಗ ಹೇಳಿದರಾ, ನೋಡಿ. ಮಾತು ನಿಜವಾಗಿದ್ದರೆ, ಹೇಳಿದ ರೀತಿ ಸರಿಯಿಲ್ಲದಿದ್ದರೂ, ಅದನ್ನು ತಳ್ಳಿಹಾಕಬೇಡಿ. ಈ ಭಾನುವಾರ ಆರಾಧನೆಗೆ ಹೋಗಿ. ನಿಮ್ಮ ಮಾತಿನಿಂದ ಯಾರಾದರೂ ನೊಂದಿದ್ದರೆ ಮೊದಲು ಅವರ ಹತ್ತಿರ ಮಾತಾಡಿ.