ಫೋನಿನಲ್ಲಿ ತೆಗೆದ ವೀಡಿಯೊ ಕಂಪ್ಯೂಟರಿನಲ್ಲಿ ಬರೀ ಸದ್ದು, ಚಿತ್ರ ಇಲ್ಲ. ಕೋಡೆಕ್ ಪ್ಯಾಕ್ (ಹಿಂಡಿಟ್ಟ ವೀಡಿಯೊ ಬಿಚ್ಚುವ ತಂತ್ರಾಂಶಗಳ ಕಟ್ಟು) ಹಾಕಬೇಕಾ?

ಬೇಡ. ನಮ್ಮ ಕಾಸರಗೋಡಿನ ಮನೆಯಲ್ಲೂ ಹೀಗೇ ಆಗಿತ್ತು, ಯಕ್ಷಗಾನದ ವೀಡಿಯೊ ಹಾಕಿದರೆ ಚೆಂಡೆ, ಭಾಗವತರ ಪದ ಎಲ್ಲ ಕೇಳುತ್ತದೆ, ಪರದೆ ಮಾತ್ರ ಕಪ್ಪು. ಈಗಿನ ಎಷ್ಟೋ ಫೋನುಗಳು ಜಾಗ ಉಳಿಸಲು ಎಚ್.265 ಎಂಬ, ವೀಡಿಯೊ ಹೆಚ್ಚು ಹಿಂಡುವ ವಿಧಾನದಲ್ಲಿ ರೆಕಾರ್ಡ್ ಮಾಡುತ್ತವೆ. ಅದಕ್ಕೆ ಪೇಟೆಂಟ್ ಶುಲ್ಕ ಇದೆ, ಹಾಗಾಗಿ ಕೆಲವು ಪ್ಲೇಯರ್‌ಗಳಲ್ಲಿ ಅದನ್ನು ಬಿಚ್ಚುವ ಕೋಡೆಕ್ ಇರುವುದಿಲ್ಲ. ವಿಎಲ್‌ಸಿ ಎಂಬ ಉಚಿತ ಪ್ಲೇಯರ್ ಹಾಕಿ, ಸಾಕು. ಎಫ್‌ಎಫ್‌ಎಂಪೆಗ್ ಎಂಬ ಮುಕ್ತ ತಂತ್ರಾಂಶದ ಕೋಡೆಕ್‌ಗಳು ಅದರ ಒಳಗೇ ಇವೆ. ಹಳೇ ಕಂಪ್ಯೂಟರ್ ಆದರೆ ತಡವರಿಸಬಹುದು, ಆಗ ಹ್ಯಾಂಡ್‌ಬ್ರೇಕ್ ಎಂಬ ವೀಡಿಯೊ ಪರಿವರ್ತಕದಲ್ಲಿ ಹಳೇ ವಿಧಾನವಾದ ಎಚ್.264ಕ್ಕೆ ಬದಲಿಸಿ.

ವೀಡಿಯೊದಿಂದ ಭಾಗವತರ ಹಾಡು ಮಾತ್ರ ಬೇಕಿದ್ದರೆ ಫ್ಲಾಕ್ (ಏನೂ ಕಳೆಯದೆ ಸದ್ದು ಉಳಿಸುವ ಫೈಲ್ ಬಗೆ) ಮಾಡಬೇಡಿ. ಫೋನು ಮೊದಲೇ ಸದ್ದನ್ನು ಹಿಂಡಿಟ್ಟಿರುತ್ತದೆ ಅಲ್ವಾ, ಹೋದದ್ದು ವಾಪಸ್ ಬರುವುದಿಲ್ಲ, ಫೈಲ್ ಸುಮ್ನೆ ದಪ್ಪ ಆಗುತ್ತದೆ. 2012ರಲ್ಲಿ ಬಂದ ಓಪಸ್ ಎಂಬ, ಸದ್ದನ್ನು ಚಿಕ್ಕದಾಗಿ ಹಿಂಡುವ ಬಗೆ ಧಾರಾಳ ಸಾಕು.