ಯಾವ ಎಂಜಿನ್, ಯಾವ ರಸ್ತೆ? ಮೊದಲು ಅದನ್ನು ಬರೆಯಿರಿ

ನಮಸ್ಕಾರ.

ಬಳ್ಳಾರಿಯಿಂದ ನೀವು ಕಳಿಸಿದ ‘ಸ್ವಲ್ಪ ಮಾಡಿಫೈ ಮಾಡಿದ ಬುಲೆಟ್ಟಿಗೆ ಎಷ್ಟು ದೊಡ್ಡ ಕಾರ್ಬುರೇಟರ್?’ ಲೇಖನ ಓದಿದೆ. ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬುರೇಟರಿನ ಬಗ್ಗೆ ನೀವು ಬರೆದದ್ದನ್ನು ಈಗಿರುವ ಹಾಗೆ ಪತ್ರಿಕೆಯಲ್ಲಿ ಹಾಕಿಕೊಳ್ಳಲು ಆಗುವುದಿಲ್ಲ. ನಾಲ್ಕು ಪುಟಗಳಲ್ಲಿ ಮೂರನೆಯದು ಮಾತ್ರ ನಿಮ್ಮದು, ಉಳಿದದ್ದು ಅಲ್ಲಿ ಇಲ್ಲಿ ಓದಿ ಕೂಡಿಸಿದ್ದು ಎಂದು ಓದುವಾಗಲೇ ಗೊತ್ತಾಗುತ್ತದೆ.

ಮೊದಲೆರಡು ಪುಟ ಅಮೆರಿಕದ ಎಂಟು ಸಿಲಿಂಡರ್ ಕಾರುಗಳ ಲೆಕ್ಕ. ಎಂಜಿನ್ ಗಾತ್ರವನ್ನು ಘನ ಇಂಚಿನಲ್ಲಿ ಹಿಡಿದು, ಆರ್‌ಪಿಎಂನಿಂದ (ನಿಮಿಷಕ್ಕೆ ಎಂಜಿನ್ ತಿರುಗುವ ಸುತ್ತು) ಗುಣಿಸಿ, 3456ರಿಂದ ಭಾಗಿಸಿದರೆ ಸಿಎಫ್‌ಎಂ, ಅಂದರೆ ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಎಂಬ ಲೆಕ್ಕ. ಸೂತ್ರವೇನೋ ಸರಿ. ಅದನ್ನೇ 346 ಸಿಸಿ ಬುಲೆಟ್ಟಿಗೆ ಹಚ್ಚಿ, 5500 ಆರ್‌ಪಿಎಂಗೆ ಸುಮಾರು 34 ಸಿಎಫ್‌ಎಂ ಎಂದು ಹೇಳಿ ಅಲ್ಲಿಗೇ ಕೈಬಿಟ್ಟಿದ್ದೀರಿ. ಓದುಗ ಆ 34 ಹಿಡಿದುಕೊಂಡು ಯಾವ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗಬೇಕು? ನಮ್ಮಲ್ಲಿ ಬೈಕ್ ಕಾರ್ಬುರೇಟರ್ ಸಿಗುವುದು ಬಾಯಿಯ ಅಗಲದ ಎಂಎಂ ಲೆಕ್ಕದಲ್ಲಿ. ಇನ್ನೂ ಒಂದು ತೊಡಕಿದೆ. ಎಂಟು ಸಿಲಿಂಡರ್ ಇದ್ದರೆ ಒಂದಲ್ಲ ಒಂದು ಗಾಳಿ ಎಳೆಯುತ್ತಲೇ ಇರುತ್ತದೆ. ಒಂಟಿ ಸಿಲಿಂಡರ್ ನಾಲ್ಕು ಸ್ಟ್ರೋಕಿಗೆ ಒಮ್ಮೆ ಎಳೆದು ಸುಮ್ಮನಾಗುತ್ತದೆ. ಆ ಎಳೆತದ ಹೊತ್ತಿನಲ್ಲಿ ಗಾಳಿಯ ಹರಿವು ಸರಾಸರಿಯ ಮೂರು-ನಾಲ್ಕು ಪಟ್ಟು. ಸರಾಸರಿ ನೋಡಿ ಸೈಜು ಆರಿಸಿದವನಿಗೆ ತೀರಾ ಸಣ್ಣದು ಗಂಟುಬೀಳುತ್ತದೆ. ಎರಡೂ ಪುಟ ತೆಗೆದುಬಿಡಿ.

ಮೂರನೆಯ ಪುಟದಲ್ಲಿ ಕೌಲ್ ಬಜಾರಿನ ಮೆಕ್ಯಾನಿಕ್ 28 ಎಂಎಂ ಕಾರ್ಬುರೇಟರ್ ಕೈಯಲ್ಲಿ ಹಿಡಿದು ಗಾಡಿಯವನನ್ನು ಕೇಳುತ್ತಾನಲ್ಲ, ‘ಇದನ್ನ ಹಾಕ್ಕೊಂಡು ಎಲ್ಲಿ ಓಡಸ್ತೀಯಪ್ಪ, ಸಂತಿಗೋ ರೇಸಿಗೋ?’ ಅಂತ. ಲೇಖನ ಶುರುವಾಗಬೇಕಾದದ್ದು ಅಲ್ಲಿಂದ. ನೀವು ಆ ಪ್ರಶ್ನೆಗೆ ಉತ್ತರವನ್ನೇ ಕೊಡದೆ ‘4 ಎಂಎಂ ಏನು ಮಹಾ’ ಎಂದು ಮುಂದೆ ಹೋಗಿದ್ದೀರಿ. ಹಳೆಯ 350 ಸಿಸಿ ಬುಲೆಟ್ಟಿಗೆ ಕಂಪನಿ ಕೊಟ್ಟದ್ದು 24 ಎಂಎಂ, 500 ಸಿಸಿಯದಕ್ಕೆ 28. ಬಾಯಿಯ ವಿಸ್ತೀರ್ಣ ಲೆಕ್ಕ ಹಾಕಿ ನೋಡಿ: 452 ಚದರ ಎಂಎಂ ಇದ್ದದ್ದು 616 ಆಗುತ್ತದೆ, ಶೇ. 36 ಹೆಚ್ಚು. ಎಂಜಿನ್ ಎಳೆಯುವ ಗಾಳಿ ಅಷ್ಟೇ ಇದ್ದರೆ ಅದರ ವೇಗ ಕಾಲು ಭಾಗಕ್ಕಿಂತ ಹೆಚ್ಚು ಇಳಿಯುತ್ತದೆ. ವೇಗ ಇಳಿದರೆ ಜೆಟ್ ಎಂಬ ಸಣ್ಣ ತೂತಿನಿಂದ ಪೆಟ್ರೋಲ್ ಎತ್ತುವ ಸೆಳೆತವೂ ಇಳಿಯಿತು. ನಿಮ್ಮೂರ ರಾಯಲ್ ಸರ್ಕಲ್ಲಿನಲ್ಲಿ ಹಸಿರು ದೀಪ ಬಿದ್ದ ಕೂಡಲೇ ರೇಸ್ ಕೊಟ್ಟರೆ ಗಾಡಿ ಒಮ್ಮೆ ಮುಗ್ಗರಿಸಿ ಆಮೇಲೆ ಏಳುವುದು ಇದಕ್ಕೇ. ದೊಡ್ಡ ಬಾಯಿಯ ಲಾಭ ಸಿಗುವುದು ಹೈವೇಯಲ್ಲಿ, ಥ್ರಾಟಲ್ ಪೂರ್ತಿ ತೆರೆದಾಗ. ಸೈಲೆನ್ಸರ್ ಬದಲಿಸಿ, ಗಾಳಿ ಹೋಗಿ ಬರುವ ಪೋರ್ಟ್ ನಯಮಾಡಿಸಿ, ವಾಲ್ವ್ ತೆರೆಸುವ ಕ್ಯಾಮ್ ಮುಟ್ಟದ ಗಾಡಿಗೆ ನನ್ನ ಮತ 26ಕ್ಕೆ. ಎಷ್ಟೋ ಸಲ 24ಕ್ಕೇ ಜೆಟ್ ಸರಿಮಾಡಿದರೂ ನಡೆಯುತ್ತದೆ.

‘ಮೇನ್ ಜೆಟ್ ಬದಲಿಸಿದರೆ ಸಾಕು’ ಎಂಬ ನಿಮ್ಮ ವಾಕ್ಯ ತಪ್ಪು, ಅದನ್ನು ಅಚ್ಚು ಮಾಡಿದರೆ ಓದುಗರು ನನ್ನನ್ನು ಬಿಡುವುದಿಲ್ಲ. ಮೇನ್ ಜೆಟ್ಟಿನ ಕಾರುಬಾರು ಮುಕ್ಕಾಲು ಥ್ರಾಟಲ್ ದಾಟಿದ ಮೇಲೆ. ಊರೊಳಗೆ ಯಾರು ಅಷ್ಟು ತಿರುಗಿಸುತ್ತಾರೆ? ಅದಕ್ಕಿಂತ ಕೆಳಗೆ ಕೆಲಸ ಮಾಡುವುದು ಸಣ್ಣ ಥ್ರಾಟಲ್ಲಿಗೆ ಪೆಟ್ರೋಲ್ ಕೊಡುವ ಪೈಲಟ್ ಜೆಟ್ಟು, ಥ್ರಾಟಲ್ ತಿರುಗಿಸಿದಂತೆ ಮೇಲೇಳುವ ಸ್ಲೈಡಿನ ಕಟಾವು, ಕಾಲು ಥ್ರಾಟಲ್ಲಿನಿಂದ ಮುಕ್ಕಾಲಿನವರೆಗೆ ಸ್ಲೈಡಿಗೆ ಸಿಕ್ಕಿಸಿದ ಸೂಜಿ. ಸೂಜಿಯ ಕ್ಲಿಪ್ ಒಂದು ಕಚ್ಚು ಮೇಲೆ ಕೆಳಗೆ ಮಾಡಿದಾಗ ಏನಾಯಿತೆಂದು ನೀವು ಕಣ್ಣಾರೆ ಕಂಡಿದ್ದೀರಿ, ಒಂದೂವರೆ ಸಾಲಿನಲ್ಲಿ ಮುಗಿಸಿದ್ದೀರಿ. ಅದಕ್ಕೆ ಒಂದು ಪುಟ ಕೊಡಿ.

ಇನ್ನು, ಬಳ್ಳಾರಿಯಲ್ಲಿ ಕೂತು ಬರೆದ ಲೇಖನದಲ್ಲಿ ಬಿಸಿಲೂ ಇಲ್ಲ, ಧೂಳೂ ಇಲ್ಲ! 20 ಡಿಗ್ರಿಯ ಗಾಳಿಗಿಂತ 40 ಡಿಗ್ರಿಯದು ಶೇ. 6ರಷ್ಟು ತೆಳು. ಚಳಿಗಾಲದಲ್ಲಿ ಸರಿಯಿದ್ದ ಜೆಟ್ಟು ಏಪ್ರಿಲ್‌ನಲ್ಲಿ ರಿಚ್ (ಗಾಳಿಗೆ ಪೆಟ್ರೋಲ್ ಹೆಚ್ಚು) ಆಗುತ್ತದೆ. ಶೇ. 20 ಎಥನಾಲ್ ಬೆರೆತ ಇ20 ಪೆಟ್ರೋಲಿನಲ್ಲಿ ಆಮ್ಲಜನಕ ಇರುವುದರಿಂದ ಅದು ಲೀನ್ (ಪೆಟ್ರೋಲ್ ಕಡಿಮೆ) ಕಡೆಗೆ ಎಳೆಯುತ್ತದೆ. ಹಾಗಾಗಿ ಯಾರೋ ಹಳೆಯ ಪೆಟ್ರೋಲಿಗೆ ಹೇಳಿದ ಜೆಟ್ ನಂಬರನ್ನು ಹಾಗೇ ನಕಲು ಮಾಡಬೇಡಿ. ದೊಡ್ಡ ಕಾರ್ಬುರೇಟರಿನ ಜೊತೆಗೆ ಹುಡುಗರು ಫಿಲ್ಟರ್ ಡಬ್ಬಿ ಕಿತ್ತು ಬಾಯಿ ತೆರೆದೇ ಓಡಿಸುತ್ತಾರಲ್ಲ, ಸಂಡೂರಿನ ಗಣಿ ರಸ್ತೆಯ ಕೆಂಪು ಧೂಳಿನಲ್ಲಿ ಹಾಗೆ ತಿರುಗಿದರೆ ಸಿಲಿಂಡರ್ ಸವೆದು ಎಂಜಿನ್ ಬೇಗ ಬೋರಿಗೆ ಬರುತ್ತದೆ. ಇದನ್ನು ನಿಮ್ಮಷ್ಟು ಚೆನ್ನಾಗಿ ಬೆಂಗಳೂರಿನವರು ಬರೆಯಲಾರರು.

ಭಾಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ರಾಕೆಟ್’, ‘ಸಖತ್’, ‘ಬೆಂಕಿ’ ಹನ್ನೊಂದು ಕಡೆ ಇವೆ, ಎಲ್ಲ ಹೊಡೆದುಹಾಕಿ. ಗಾಡಿ ಯಾವ ಗೇರಿನಲ್ಲಿ ಎಲ್ಲಿಂದ ಎಳೆಯಿತು ಎಂದು ಬರೆದರೆ ಓದುಗನೇ ಅಂದುಕೊಳ್ಳುತ್ತಾನೆ. ಕಂಪನಿ ಕೊಟ್ಟ ರೂಪ ಬದಲಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆಂಬ ಮಾತೂ ಒಂದು ಕಡೆ ಇರಲಿ.

ಒಂಬೈನೂರು ಪದ ಮೀರದಂತೆ ತಿದ್ದಿ, ಯೂನಿಕೋಡಿನಲ್ಲಿ ಟೈಪಿಸಿ ಕಳಿಸಿ. ಸೂಜಿಯ ಫೋಟೊದಲ್ಲಿ ಕ್ಲಿಪ್ಪಿಗೆ ಮೆಕ್ಯಾನಿಕ್‌ನ ಹೆಬ್ಬೆರಳು ಅಡ್ಡ ಬಂದಿದೆ, ಇನ್ನೊಂದು ತೆಗೆಯಿರಿ.